ಕಪ್ಪು ಪರದೆಯ ಮಿತಭಾಷಿ

ಕಂಪ್ಯೂಟರಿನಲ್ಲಿ ಕಪ್ಪು ಪರದೆ ತೆರೆದು ಕೂತವರನ್ನು ಕಂಡರೆ ಹುಡುಗರು ‘ಏನ್ ಅಂಕಲ್, ಹ್ಯಾಕಿಂಗಾ?’ ಎಂದು ಭಯಭಕ್ತಿಯಿಂದ ಹತ್ತಿರ ಬರುತ್ತಾರೆ. ಹಿರಿಯರಾದರೆ ‘ಕೆಟ್ಟುಹೋಯ್ತೇನಪ್ಪಾ? ರಿಪೇರಿಯವನಿಗೆ ಫೋನ್ ಮಾಡ್ಲಾ?’ ಎಂದು ಕನಿಕರ ತೋರಿಸುತ್ತಾರೆ. ‘ಏನಿಲ್ಲ, ಫೋಲ್ಡರಿನಲ್ಲಿ ಏನೇನಿದೆ ಅಂತ ನೋಡ್ತಿದ್ದೆ’ ಎಂದರೆ ಇಬ್ಬರಿಗೂ ನಿರಾಸೆ. ಅಷ್ಟಕ್ಕೆ ಮೌಸ್ ಇದೆಯಲ್ಲ ಎನ್ನುತ್ತಾರೆ. ಇದೆ, ಇಲ್ಲವೆಂದವರಾರು? ಆದರೆ ಮೌಸ್ ಹಿಡಿದವನು ಕಣ್ಣಿಗೆ ಕಂಡದ್ದನ್ನಷ್ಟೇ ಒತ್ತಬಲ್ಲ. ಶೆಲ್ ಮುಂದೆ ಕೂತವನು ತನಗೆ ಬೇಕಾದ್ದನ್ನು ಹೇಳಬಲ್ಲ. ಕಷ್ಟವೇನೆಂದರೆ, ಬೇಕಾದ್ದು ಏನೆಂದು ಹೇಳುವವನಿಗೆ ಮೊದಲು ಗೊತ್ತಿರಬೇಕು.

ನಾವು ಟೈಪು ಮಾಡಿದ ಆಜ್ಞೆಯನ್ನು ಓದಿ ಕೆಲಸಕ್ಕೆ ಹಚ್ಚುವ ಪ್ರೋಗ್ರಾಮೇ ಶೆಲ್. ಅದರ ಭಾಷೆ ಬಹಳ ಮೊಟಕು. ಪಟ್ಟಿ ಬೇಕೆಂದರೆ ಎಲ್‌ಎಸ್, ನಕಲಿಗೆ ಸಿಪಿ, ಜಾಗ ಬದಲಿಸಲು ಎಂವಿ, ಅಳಿಸಲು ಆರ್‌ಎಂ. ಇಂಥ ಜಿಪುಣತನಕ್ಕೆ ಕಾರಣವಿದೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತಿತರರು ಈ ಆಜ್ಞೆಗಳ ತವರಾದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟತೊಡಗಿದ ಕಾಲಕ್ಕೆ ಈಗಿನಂಥ ಪರದೆಗಳಿರಲಿಲ್ಲ. ಇದ್ದದ್ದು ಟೆಲಿಟೈಪ್ ಯಂತ್ರ. ಕೀಲಿಗಳನ್ನು ಬೆರಳು ನೋಯುವಂತೆ ಒತ್ತಬೇಕು; ಅದು ಕಾಗದದ ಮೇಲೆ ಸೆಕೆಂಡಿಗೆ 10 ಅಕ್ಷರದಂತೆ ಕಟಕಟ ಕುಟ್ಟುತ್ತ ಹೋಗಬೇಕು. ಅಂಥ ಕಡೆ ಯಾರಿಗೆ ತಾನೇ ಉದ್ದುದ್ದ ಮಾತು ಬೇಕು? ಫೈಲು ಸೃಷ್ಟಿಸುವ ‘ಕ್ರಿಯೇಟ್’ ಎಂಬ ಕರೆಯಲ್ಲೂ ಕೊನೆಯ ಇಂಗ್ಲಿಷ್ ‘ಇ’ ಅಕ್ಷರಕ್ಕೆ ಕತ್ತರಿ ಬಿತ್ತು. ಯುನಿಕ್ಸನ್ನು ಮತ್ತೆ ಮೊದಲಿನಿಂದ ಬರೆಯುವುದಾದರೆ ಏನು ತಿದ್ದುತ್ತೀರಿ ಎಂದು ಕೇಳಿದ್ದಕ್ಕೆ ಥಾಂಪ್ಸನ್ ಆ ‘ಇ’ಯನ್ನು ಸೇರಿಸುತ್ತೇನೆ ಎಂದರಂತೆ. ಉಳಿದುದರ ಬಗ್ಗೆ ಅವರಿಗೆ ತಕರಾರಿದ್ದಂತಿಲ್ಲ.

ಮಾತಿಗಿಂತ ಶೆಲ್‌ನ ಮೌನ ಇನ್ನೂ ದೊಡ್ಡದು. ಸಾವಿರ ಫೈಲುಗಳನ್ನು ನಕಲು ಮಾಡು ಎಂದು ಹೇಳಿ ನೋಡಿ. ಮಾಡಿ ಮುಗಿಸಿ, ಮುಂದಿನ ಆಜ್ಞೆಗೆ ಕಾಯುವ ಡಾಲರ್ ಗುರುತನ್ನು ತೋರಿಸಿ ಸುಮ್ಮನಾಗುತ್ತದೆ. ‘ಅಭಿನಂದನೆಗಳು’ ಎನ್ನುವುದಿಲ್ಲ, ಬಣ್ಣದ ಕಾಗದ ಹಾರಿಸುವುದಿಲ್ಲ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂದು ಗಂಟುಬೀಳುವುದಿಲ್ಲ. ಹಳೆಯ ಕಾಲದ ಕೆಲವು ಯಜಮಾನರು ಹೀಗೇ ಇರುತ್ತಿದ್ದರು. ಕೆಲಸ ಸರಿಯಾದರೆ ಭೇಷ್ ಎಂದವರಲ್ಲ. ಬಾಯಿ ಬಿಟ್ಟರೆಂದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ. ಹೊಸಬರಿಗೆ ಈ ಮೌನ ದಿಗಿಲು ಹುಟ್ಟಿಸುತ್ತದೆ. ಆಯಿತೋ ಇಲ್ಲವೋ ಎಂದು ಅದೇ ಆಜ್ಞೆಯನ್ನು ಇನ್ನೊಮ್ಮೆ ಕೊಟ್ಟು ನೋಡುತ್ತಾರೆ. ಪಳಗಿದವರಿಗೆ ಗೊತ್ತು: ಮೌನಂ ಸಮ್ಮತಿ ಲಕ್ಷಣಂ.

ಈ ಸಮ್ಮತಿಯೇ ಕೆಲವೊಮ್ಮೆ ಮುಳುವಾಗುತ್ತದೆ. ‘ನಿಜವಾಗಿಯೂ ಅಳಿಸಬೇಕೇ?’ ಎಂದು ಕೇಳುವ ಅಭ್ಯಾಸ ಆರ್‌ಎಂಗೆ ಇಲ್ಲ. ಟಿಎಕ್ಸ್‌ಟಿ ಎಂದು ಮುಗಿಯುವ ಫೈಲುಗಳನ್ನೆಲ್ಲ ಅಳಿಸಲು ಆರ್‌ಎಂ ಬರೆದು, ಒಂದು ನಕ್ಷತ್ರ ಹಾಕಿ, ಅದಕ್ಕೆ ಅಂಟಿಕೊಂಡಂತೆ ಚುಕ್ಕಿ ಟಿಎಕ್ಸ್‌ಟಿ ಬರೆಯಬೇಕು. ನಕ್ಷತ್ರಕ್ಕೂ ಚುಕ್ಕಿಗೂ ನಡುವೆ ಕೈತಪ್ಪಿ ಒಂದು ಸ್ಪೇಸ್ ಬಿತ್ತೋ, ಕಥೆ ಮುಗಿಯಿತು. ಬರೀ ನಕ್ಷತ್ರ ಎಂದರೆ ‘ಎಲ್ಲ’ ಎಂದರ್ಥ. ಆರ್‌ಎಂ ಫೋಲ್ಡರಿನಲ್ಲಿ ಕಾಣುವ ಫೈಲುಗಳನ್ನೆಲ್ಲ ಗುಡಿಸಿಹಾಕಿ, ಆಮೇಲೆ ‘ಚುಕ್ಕಿ ಟಿಎಕ್ಸ್‌ಟಿ ಎಂಬ ಫೈಲು ಸಿಗಲಿಲ್ಲ’ ಎಂದು ನಮ್ಮ ಮೇಲೇ ದೂರು ಹೇಳುತ್ತದೆ.

1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಇಂಥದೇ ಆಜ್ಞೆಯಿಂದ ಚಿತ್ರದ ಫೈಲುಗಳು ಕಣ್ಣೆದುರೇ ಕರಗತೊಡಗಿದವು. ಬ್ಯಾಕಪ್ ನೋಡಿದರೆ ಅದೂ ಕೈಕೊಟ್ಟಿತ್ತು. ಕೊನೆಗೆ ಕಾಪಾಡಿದ್ದು ಗ್ಯಾಲಿನ್ ಸುಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿಯ ಮನೆಯ ಕಂಪ್ಯೂಟರ್. ಆಗಷ್ಟೇ ಹೆತ್ತ ಬಾಣಂತಿ ಮನೆಯಿಂದಲೇ ಕೆಲಸ ಮಾಡಲೆಂದು ಚಿತ್ರದ ಒಂದು ಪ್ರತಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರಿಗೆ ಕಂಬಳಿ ಸುತ್ತಿ, ಕಾರಿನಲ್ಲಿ ಮಲಗಿಸಿ, ಮೆಲ್ಲಗೆ ಸ್ಟುಡಿಯೋಗೆ ತಂದರಂತೆ. ಆ ದಿನ ಮನೆಯ ಕೂಸಿಗೂ ಅಷ್ಟು ಉಪಚಾರ ನಡೆದಿರಲಾರದು.

ಶೆಲ್‌ನ ಆಜ್ಞೆಗಳು ಒಬ್ಬೊಬ್ಬರೇ ಇದ್ದಾಗ ಸಾಧಾರಣ ಆಳುಗಳು. ಸಾಲಾಗಿ ನಿಲ್ಲಿಸಿದರೆ ಗಟ್ಟಿಗರು. ಒಂದು ಉಗುಳಿದ್ದನ್ನು ಇನ್ನೊಂದರ ಬಾಯಿಗೆ ಹಾಕುವ ನೆಟ್ಟಗಿನ ಗೀಟಿಗೆ ಪೈಪ್ ಎನ್ನುತ್ತಾರೆ. ಪ್ರೋಗ್ರಾಮುಗಳನ್ನು ತೋಟದ ಪೈಪಿನಂತೆ ಒಂದಕ್ಕೊಂದು ಸಿಕ್ಕಿಸುವಂತಿರಬೇಕು ಎಂದು ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್ 1964ರಲ್ಲೇ ಟಿಪ್ಪಣಿ ಬರೆದಿದ್ದರು. 1973ರಲ್ಲಿ ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಅದನ್ನು ಮಾಡಿಕೊಟ್ಟರು. ಮುಂದೆ 1986ರಲ್ಲಿ, ಒಂದು ಬರಹದಲ್ಲಿ ಅತಿ ಹೆಚ್ಚು ಸಲ ಬಂದ ಪದಗಳು ಯಾವುವು ಎಂದು ಹುಡುಕುವ ಪ್ರೋಗ್ರಾಮನ್ನು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಪುಟಗಟ್ಟಲೆ ಸೊಗಸಾಗಿ ಬರೆದರು. ಅದನ್ನು ವಿಮರ್ಶಿಸಲು ಕೂತ ಮೆಕಿಲ್‌ರಾಯ್ ಮನಸಾರೆ ಹೊಗಳಿ, ಕೊನೆಯಲ್ಲಿ ಅದೇ ಕೆಲಸವನ್ನು ಪೈಪಿನಿಂದ ಪೋಣಿಸಿದ ಆರು ಆಜ್ಞೆಗಳಲ್ಲಿ ಮಾಡಿ ತೋರಿಸಿದರು. ಹೊಗಳಿಕೆ ಯಾರಿಗೂ ನೆನಪಿಲ್ಲ.

ನಮ್ಮ ನುಡಿಯ ಮುಂದೆ ಮಾತ್ರ ಈ ಜಾಣರು ತುಸು ತಬ್ಬಿಬ್ಬಾಗುತ್ತಾರೆ. ‘ಕನ್ನಡ’ ಎಂಬ ಪದವನ್ನು ಪೈಪಿನ ಮೂಲಕ ಡಬ್ಲ್ಯೂಸಿ ಎಂಬ ಲೆಕ್ಕಿಗನಿಗೆ ಕಳಿಸಿ ಎಷ್ಟಿದೆ ಎಂದು ಕೇಳಿ. ಬೈಟುಗಳನ್ನು ಎಣಿಸು ಎಂದರೆ 15 ಎನ್ನುತ್ತದೆ. ಅಕ್ಷರ ಎಣಿಸು ಎಂದರೆ 5 ಎನ್ನುತ್ತದೆ. ಒತ್ತಕ್ಷರವನ್ನು ಬಿಚ್ಚಿ ನ, ವಿರಾಮ, ಮತ್ತೊಂದು ನ ಎಂದು ಮೂರಾಗಿ ಹಿಡಿಯುತ್ತದೆ. ಒಂದನೇ ಕ್ಲಾಸಿನ ಮಗುವನ್ನು ಕೇಳಿದರೆ 3. ಅಕಾರಾದಿಯಾಗಿ ಜೋಡಿಸು ಎಂದು ಸಾರ್ಟ್‌ಗೆ ಹೇಳಿದರೆ, ಬರೀ ಯುನಿಕೋಡ್ ಸಂಖ್ಯೆ ನೋಡಿ ಜೋಡಿಸುವ ಕಡೆ, ವರ್ಣಮಾಲೆಯ ಕಟ್ಟಕಡೆಗೆ ಇರಬೇಕಾದ ಳಕಾರ ಲಕಾರದ ಬೆನ್ನಿಗೇ ಬಂದು ಕೂರುತ್ತದೆ. ಯಾರದೂ ಸುಳ್ಳಲ್ಲ. ಅವರವರು ಏನನ್ನು ಕೇಳಿಸಿಕೊಂಡರೋ ಅದಕ್ಕೆ ಉತ್ತರ ಹೇಳಿದ್ದಾರೆ.

ದಿನವೂ ಕೊಡುವ ಆಜ್ಞೆಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟರೆ ಅದೇ ಸ್ಕ್ರಿಪ್ಟ್. ತಂಗಿಯ ಮದುವೆಯ ಫೋಟೋಗಳಿಗೆಲ್ಲ ಸಾಲಾಗಿ ಹೆಸರಿಡಲು ನಾಲ್ಕು ಸಾಲು ಸಾಕು. ಅದನ್ನು ಬರೆಯಲು, ಹೆಸರಿನ ನಡುವೆ ಸ್ಪೇಸ್ ಇರುವ ಫೈಲನ್ನು ಶೆಲ್ ಎರಡು ಫೈಲೆಂದು ತಿಳಿಯದಂತೆ ಉದ್ಧರಣ ಚಿಹ್ನೆ ಹಾಕಲು, ಪರೀಕ್ಷಿಸಲು ಒಂದು ಮಧ್ಯಾಹ್ನ ಬೇಕು. ಅಷ್ಟರಲ್ಲಿ ಕೈಯಲ್ಲೇ ಹೆಸರಿಟ್ಟು ಮುಗಿಸಬಹುದಿತ್ತಲ್ಲ ಎಂದು ಮನೆಯವರು ಕೇಳುತ್ತಾರೆ. ಸ್ಕ್ರಿಪ್ಟ್ ಬರೆಯುವವರ ಬಳಿ ಸಿದ್ಧ ಉತ್ತರವಿದೆ: ‘ಮುಂದಿನ ಮದುವೆಗೂ ಆಯ್ತು.’

ಸ್ಕ್ರಿಪ್ಟನ್ನು ಹೊತ್ತು ಹೊತ್ತಿಗೆ ಎಬ್ಬಿಸಿ ಕೆಲಸಕ್ಕೆ ಹಚ್ಚುವವನು ಕ್ರಾನ್. ಸೊನ್ನೆ, ಎರಡು, ಆಮೇಲೆ ಮೂರು ನಕ್ಷತ್ರ ಎಂದು ಬರೆದುಕೊಟ್ಟರೆ ದಿನಾ ಬೆಳಗಿನ ಜಾವ ಎರಡು ಗಂಟೆಗೆ ತಪ್ಪದೆ ಕೆಲಸ ನಡೆಯುತ್ತದೆ. ನನಗೆ ಗೊತ್ತಿರುವ ಒಂದು ಕಚೇರಿಯಲ್ಲಿ ಹೀಗೊಂದು ಸ್ಕ್ರಿಪ್ಟ್ ಇದೆ. ಬರೆದವರು ನಿವೃತ್ತರಾಗಿ ಊರು ಸೇರಿದ್ದಾರೆ. ವರದಿ ತರಿಸಿಕೊಳ್ಳುತ್ತಿದ್ದ ಸಾಹೇಬರು ವರ್ಗವಾಗಿ ಹೋಗಿದ್ದಾರೆ. ವರದಿ ಮಾತ್ರ ಪ್ರತಿರಾತ್ರಿ ತಯಾರಾಗುತ್ತಿದೆ. ಆ ಸಾಲಿನ ಮುಂದೆ ಒಂದು ಹ್ಯಾಷ್ ಗುರುತು ಹಾಕಿದರೆ ನಿಲ್ಲುತ್ತದೆ ಎಂದು ಹೊಸದಾಗಿ ಸೇರಿದ ಹುಡುಗಿ ಹೇಳಿದಳಂತೆ. ಹಿರಿಯ ಗುಮಾಸ್ತರು ಗಾಬರಿಯಾದರು: ‘ಬೇಡಮ್ಮಾ, ಅದಕ್ಕೆ ಯಾವುದಕ್ಕೂ ಒಂದು ಲಿಖಿತ ಆದೇಶ ಬರಲಿ.’