ಸೊನ್ನೆ ಸೊನ್ನೆಯ ಪಲ್ಲವಿ

ನನ್ನ ಕಂಪ್ಯೂಟರಿನ ಪರದೆ ನೋಡಿದವರು ಕೇಳುವ ಮೊದಲ ಪ್ರಶ್ನೆ, "ಷೇರು ಮಾರ್ಕೆಟ್ಟಾ?" ಎರಡನೆಯದು, ಸ್ವಲ್ಪ ದನಿ ತಗ್ಗಿಸಿ, "ಎಷ್ಟು ಹೋಯ್ತು?" ಹಾಡು ಕಟ್ಟುತ್ತಿದ್ದೇನೆ ಅಂದರೆ ಯಾರೂ ನಂಬುವುದಿಲ್ಲ. ತಪ್ಪು ಅವರದಲ್ಲ ಬಿಡಿ. ಟ್ರ್ಯಾಕರ್ ಎಂಬ ಈ ಬಗೆಯ ಸಾಫ್ಟ್‌ವೇರಿನಲ್ಲಿ ಪಿಯಾನೋ ಮನೆಗಳೂ ಇಲ್ಲ, ತಂಬೂರಿಯ ಚಿತ್ರವೂ ಇಲ್ಲ. ಕಪ್ಪು ಪರದೆಯ ಮೇಲೆ ಅಂಕಿಗಳ ಕಂಬಗಳು, ಸೋರುವ ಸೂರಿನ ಹಾಗೆ ಮೇಲಿಂದ ಕೆಳಕ್ಕೆ ಇಳಿಯುತ್ತಲೇ ಇರುತ್ತವೆ. ಒಂದೊಂದು ಸಾಲಿನಲ್ಲಿ ಒಂದು ಸ್ವರ, ಪಕ್ಕದಲ್ಲಿ ವಾದ್ಯದ ನಂಬರು, ಅದರ ಪಕ್ಕ ಸ್ವರವನ್ನು ಜಾರಿಸಲಿಕ್ಕೋ ನಡುಗಿಸಲಿಕ್ಕೋ ಒಂದು ಗುಟ್ಟಿನ ಸಂಕೇತ. "ರೈಲ್ವೆ ಚಾರ್ಟ್ ಓದ್ಕೊಂಡು ತಾಳ ಹಾಕೋರನ್ನ ನಿಮ್ಮನ್ನೇ ಕಂಡಿದ್ದು ಕಣ್ರೀ," ಎನ್ನುತ್ತಾಳೆ ನನ್ನವಳು.

ಲೆಕ್ಕ ಬೇರೆ ಹದಿನಾರರದ್ದು. ಒಂಬತ್ತಾದ ಮೇಲೆ ಹತ್ತು ಬರುವುದಿಲ್ಲ, ಎ ಬರುತ್ತದೆ. ಎಫ್‌ವರೆಗೆ ಹೋಗಿ ಆಮೇಲೆ 10. ಆ ಹತ್ತೆಂದರೆ ಹದಿನಾರು! ಈಗಿನ ಹುಡುಗರು ಇದಕ್ಕೆ ಕಂಪ್ಯೂಟರ್ ಸೈನ್ಸ್ ಎನ್ನುತ್ತಾರೆ. ರೂಪಾಯಿಗೆ ಹದಿನಾರಾಣೆ ಎಂದು ಸಂತೆ ಮಾಡಿಕೊಂಡು ಬರುತ್ತಿದ್ದ ನಮ್ಮಜ್ಜಿ ಇದನ್ನು ಹುರುಳಿ ಆರಿಸುತ್ತಾ ಕಲಿತುಬಿಡುತ್ತಿದ್ದರು.

ಈ ವಿದ್ಯೆ ಶುರುವಾದದ್ದು 1987ರಲ್ಲಿ. ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ಎಂಬಾತ ಅಮಿಗಾ ಕಂಪ್ಯೂಟರಿಗೆಂದು ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಬರೆದ. ಅಮಿಗಾದ ಧ್ವನಿ ಚಿಪ್ಪಿಗೆ ಇದ್ದದ್ದು ನಾಲ್ಕೇ ಕಂಠ, ಹಾಗಾಗಿ ಪರದೆಯಲ್ಲೂ ನಾಲ್ಕೇ ಕಂಬ. 64 ಸಾಲು ಸೇರಿದರೆ ಒಂದು ಪ್ಯಾಟರ್ನ್. ಒಂದು ಸಾಲಿನ ಒಂದು ಕಂಬಕ್ಕೆ ನಾಲ್ಕು ಬೈಟ್; ನಾಲ್ಕು ಕಂಬ, 64 ಸಾಲು, ಗುಣಿಸಿ ನೋಡಿ, 1024 ಬೈಟ್. ಮಾಮೂಲಿ ವೇಗದಲ್ಲಿ ಇಷ್ಟು ನುಡಿಯಲು 7.68 ಸೆಕೆಂಡು. ಈ ಲೆಕ್ಕ ಸ್ವಲ್ಪ ನೆನಪಿಟ್ಟುಕೊಳ್ಳಿ, ನನ್ನ ಮಾನದ ಪ್ರಶ್ನೆ ಇದೆ.

ಅರ್ಧ ಎಂಬಿ ಮೆಮೊರಿಯಲ್ಲಿ ಸಂಸಾರ ನಡೆಸಬೇಕಾಗಿದ್ದ ಕಾಲ ಅದು. ಬಂದದ್ದನ್ನೇ ಮತ್ತೆ ಬರೆಯುವ ದುಂದುಗಾರಿಕೆ ಸಾಧ್ಯವಿರಲಿಲ್ಲ. ಅದಕ್ಕೇ ಪಕ್ಕದಲ್ಲಿ ಒಂದು ಸರದಿ ಪಟ್ಟಿ: 00, 01, 00, 02, 00. ಸೊನ್ನೆ ನಂಬರಿನ ಪ್ಯಾಟರ್ನ್ ನುಡಿಸು, ಒಂದಕ್ಕೆ ಹೋಗು, ಮತ್ತೆ ಸೊನ್ನೆಗೆ ಬಾ. ಬರೆಯಲು ಸಾವಿರ ಬೈಟ್ ಬೇಕಾದದ್ದನ್ನು ಮತ್ತೊಮ್ಮೆ ಹಾಡಿಸಲು ಒಂದೇ ಬೈಟ್ ಸಾಕು. ನಮ್ಮ ದೇವರನಾಮದ ಪುಸ್ತಕದಲ್ಲಿ ಪ್ರತಿ ಚರಣದ ಕೊನೆಗೆ 'ಪ' ಎಂದು ಒಂದೇ ಅಕ್ಷರ ಅಚ್ಚು ಹಾಕಿ ಕಾಗದ ಉಳಿಸುವುದಿಲ್ಲವೆ, ಅದೇ ಜಾಣತನ. ಅಮ್ಮ ಆ ಒಂದಕ್ಷರ ಕಂಡು ಇಡೀ ಪಲ್ಲವಿ ಹಾಡುತ್ತಿದ್ದರು. ನನ್ನ ಪಲ್ಲವಿಯ ಹೆಸರು ಸೊನ್ನೆ ಸೊನ್ನೆ.

ಇಲ್ಲಿಯವರೆಗೆ ಎಲ್ಲ ಸರಿ. ಹಾಡಿನ ಕೊನೆಯ ಪಲ್ಲವಿಗೆ ಒಂದು ಮುಕ್ತಾಯ ಇರಲಿ ಎಂದು ಒಂದು ರಾತ್ರಿ ಡ್ರಮ್ಮಿನ ಉರುಳಿಕೆ ಸೇರಿಸಿದೆ. ಬೆಳಿಗ್ಗೆ ಕೇಳಿದರೆ ಹಾಡು ಶುರುವಾಗಿ ಎಂಟನೆಯ ಸೆಕೆಂಡಿಗೇ ಮಂಗಳ! ಯಾಕೆಂದರೆ ಕೊನೆಯ ಸೊನ್ನೆಯೂ ಮೊದಲ ಸೊನ್ನೆಯೂ ಬೇರೆಯಲ್ಲ. ಒಬ್ಬ ಮಗನಿಗೆ ಕ್ಷೌರ ಮಾಡಿಸಿದರೆ ಮೂವರೂ ಬೋಳಾಗಿ ಬಂದ ಹಾಗೆ.

ಸರಿ, ಸೊನ್ನೆಯ ನಕಲು ಮಾಡಿ 03 ಎಂದಿಟ್ಟೆ, ಉರುಳಿಕೆಯನ್ನು ಅಲ್ಲಿಗೆ ಸಾಗಿಸಿದೆ. ವಾರ ಬಿಟ್ಟು ಬೇಸ್ ಗಿಟಾರಿನ ಒಂದು ಸ್ವರ ತಪ್ಪಿದ್ದು ಕಿವಿಗೆ ಬಿತ್ತು. ಸೊನ್ನೆಯಲ್ಲಿ ತಿದ್ದಿದೆ. ಮೂರರಲ್ಲಿ ತಪ್ಪು ಹಾಗೇ ಕೂತಿತ್ತು. ನಡುವಿನ ಪಲ್ಲವಿಗೆ ಮಾಡಿದ ಇನ್ನೊಂದು ನಕಲು, 04, ಅದರಲ್ಲೂ ಕೂತಿತ್ತು. ಯಾರು ಯಾರ ಮಗ, ಯಾರಿಗೆ ಯಾರ ಮೂಗು ಬಂದಿದೆ ಅನ್ನುವುದನ್ನು ಪಟ್ಟಿ ಹೇಳುವುದೇ ಇಲ್ಲ. ಎರಡೇ ಅಂಕಿಯ ಹೆಸರಿನಲ್ಲಿ ಗೋತ್ರ ಹುಡುಕುವುದು ಹೇಗೆ?

ಇದಕ್ಕಿಂತ ದೊಡ್ಡ ಮೋಸ ಅಳತೆಯದು. ಸಾಲಿನಲ್ಲಿ ಡಿ ಎಂಬ ಸಂಕೇತ ಬರೆದರೆ 64 ಸಾಲು ಮುಗಿಯುವ ಮೊದಲೇ ಹಾಡು ಮುಂದಿನ ಪ್ಯಾಟರ್ನಿಗೆ ಜಿಗಿಯುತ್ತದೆ. ಬಿ ಬರೆದರೆ ಪಟ್ಟಿಯ ಯಾವ ಮನೆಗೆ ಬೇಕಾದರೂ ಹಾರಬಹುದು, ಹಿಂದಕ್ಕೂ. ಹಾವು ಏಣಿ ಆಟವೇ. ಆದರೆ ಆ ಆಟದಲ್ಲಿ ಹಾವು ಬೋರ್ಡಿನ ಮೇಲೆ ಬಾಯಿ ತೆರೆದು ಮಲಗಿರುವುದು ಕಾಣುತ್ತದೆ. ಇಲ್ಲಿ ಎಂಟು ಸೆಕೆಂಡಿನ ಪ್ಯಾಟರ್ನಿಗೂ ಅರ್ಧ ಸೆಕೆಂಡಿನದಕ್ಕೂ ಅಷ್ಟೇ ಅಗಲದ ಎರಡಂಕಿ. ಹಾಡು ಎಲ್ಲಿ ಏರುತ್ತದೆ, ಎಲ್ಲಿ ಬರೀ ತಾಳ ಉಳಿಯುತ್ತದೆ, ಒಂದೂ ಗೊತ್ತಾಗದು.

ಇದು ನನಗೊಬ್ಬನಿಗೇ ಹೊಳೆದ ಕಷ್ಟ ಎಂಬ ಭ್ರಮೆ ನನಗಿಲ್ಲ. ಸ್ವೀಡನ್ನಿನ ಯೋಹಾನ್ ಕೊಟ್ಲಿನ್ಸ್ಕಿ ಗೇಮ್ ಬಾಯ್ ಎಂಬ ಅಂಗೈಯಗಲದ ಆಟದ ಡಬ್ಬಿಗೆ ಲಿಟ್ಲ್ ಸೌಂಡ್ ಡಿಜೆ ಎಂಬ ಟ್ರ್ಯಾಕರ್ ಬರೆದಾಗ ಕಂಬಗಳ ಅವಿಭಕ್ತ ಕುಟುಂಬವನ್ನೇ ಪಾಲು ಮಾಡಿಬಿಟ್ಟ. 16 ಸಾಲಿನ ತುಣುಕುಗಳು, ತುಣುಕುಗಳನ್ನು ಪೋಣಿಸಿದ ಸರ, ಸರಗಳನ್ನು ಜೋಡಿಸಿದ ಹಾಡು. ಪ್ರತಿ ಕಂಬಕ್ಕೂ ಅದರದೇ ಸರ. ಡ್ರಮ್ಮು ತನ್ನ ಪಾಡಿಗೆ ತಾನು ಸುತ್ತುತ್ತಿರಲಿ, ರಾಗ ಬದಲಾಗಲಿ. ಹಳೆಯ ಪದ್ಧತಿಯಲ್ಲಿ ರಾಗದ ಒಂದು ಸ್ವರ ಬದಲಿಸಬೇಕೆಂದರೆ ಡ್ರಮ್ಮನ್ನೂ ಹೊತ್ತುಕೊಂಡು ಹೊಸ ಮನೆ ಮಾಡಬೇಕಿತ್ತು. ಎಷ್ಟೊಳ್ಳೆಯ ಏರ್ಪಾಟು! ಹೆಸರುಗಳು ಮಾತ್ರ ಅಲ್ಲೂ ಎರಡೇ ಅಂಕಿಯವು.

ಸನ್‌ವಾಕ್ಸ್ ಎಂಬುದರಲ್ಲಿ ಪ್ಯಾಟರ್ನ್ ಒಂದಕ್ಕೆ ಚುಕ್ಕಿಗಳ ಒಂದು ಪುಟ್ಟ ಚಿತ್ರ ತಾನಾಗಿ ಹುಟ್ಟಿಕೊಳ್ಳುತ್ತದೆ, ಮೂಲೆ ಮನೆಯ ಮಗು ಹಾಕಿದ ರಂಗೋಲಿಯ ಹಾಗೆ. ಮುಖ ನೋಡಿ ಗುರುತು ಹಿಡಿಯಬಹುದು, ಬೇಕಾದಲ್ಲಿ ಎಳೆದುಕೊಂಡು ಹೋಗಿ ಕೂರಿಸಬಹುದು. ನನಗೆ ಅದರ ಮೇಲೆ ಪ್ರೀತಿಯೇ. ಆದರೆ ಪ್ಯಾಟರ್ನಿನ ಒಳಗೆ ಕೆಳಮುಖವಾಗಿ ಹರಿಯುತ್ತಿದ್ದ ಕಾಲ ಹೊರಗೆ ಬಂದ ಕೂಡಲೇ ಬಲಕ್ಕೆ ತಿರುಗಿಬಿಡುತ್ತದೆ. ಗಂಟೆಗಟ್ಟಲೆ ಅಂಕಿಗಳ ಜೊತೆ ಇಳಿದಿಳಿದು ಬಂದ ಕಣ್ಣಿಗೆ ಇದು ಕುತ್ತಿಗೆ ಉಳುಕಿದ ಹಾಗಾಗುತ್ತದೆ. ರಿನಾಯ್ಸ್ ಎಂಬ ಇನ್ನೊಂದರಲ್ಲಿ ಪ್ಯಾಟರ್ನ್ ಮ್ಯಾಟ್ರಿಕ್ಸ್ ಇದೆ. ಅದು ಮರ್ಯಾದೆಯಾಗಿ ಮೇಲಿಂದ ಕೆಳಕ್ಕೇ ಇಳಿಯುತ್ತದೆ, ಕಂಬಕ್ಕೊಂದು ಚೌಕ. ನಾನು ಮುಂದೆ ಹೇಳಲಿರುವ ಶೋಧದ ಅರ್ಧ ಪಾಲು ಅದರಲ್ಲಿ ಆಗಲೇ ಇರುವುದರಿಂದ ಅದರ ವಿಷಯ ಇಷ್ಟೇ ಸಾಕು.

ಹೋದ ಭಾನುವಾರ ಅಕ್ಕನ ಮಗ ಬಂದಿದ್ದ. ವೈಟ್‌ಫೀಲ್ಡಿನ ಕಡೆ ಸಾಫ್ಟ್‌ವೇರ್ ಕೆಲಸ. ಗೃಹಪ್ರವೇಶದ ಕರೆಯೋಲೆಯೊಂದರ ಬೆನ್ನಿಗೆ ನಾನು ಬರೆದಿಟ್ಟಿದ್ದ ನಕ್ಷೆಯನ್ನು ಅವನ ಮುಂದೆ ಹರಡಿದೆ.

"ನೋಡೋ, ಕಾಲ ಮೇಲಿಂದ ಕೆಳಕ್ಕೆ. ಉದ್ದ ಇರೋ ಪ್ಯಾಟರ್ನ್ ಉದ್ದಕ್ಕೇ ಕಾಣ್ಬೇಕು, ಗಿಡ್ಡ ಗಿಡ್ಡಕ್ಕೆ. ನಂಬರ್ ಬೇಡ, ಹೆಸರಿಡೋಕೆ ಜಾಗ ಇರ್ಲಿ. ಅದೇ ಮತ್ತೆ ಬಂದ್ರೆ ಅದೇ ಬಣ್ಣ. ನಕಲು ಮಾಡಿ ತಿದ್ದಿದ್ರೆ ಅದೇ ಬಣ್ಣ, ಆದ್ರೆ ತಿದ್ದಿದ ಸಾಲುಗಳ ಹತ್ರ ಮಾತ್ರ ಅಂಚು ಹರಿದ ಹಾಗೆ. ಅಪ್ಪನಲ್ಲಿ ಸ್ವರ ತಿದ್ದಿದ್ರೆ, 'ಮಕ್ಕಳಲ್ಲೂ ತಿದ್ದಲಾ?' ಅಂತ ಒಂದು ಮಾತು ಕೇಳ್ಬೇಕು."

"ಆ ಹಾವು?"

"ಅದು ಬಿ. ಹಿಂದಕ್ಕೆ ಹಾರಿದ್ರೆ ಹಾವು, ಮುಂದಕ್ಕೆ ಹಾರಿದ್ರೆ ಏಣಿ. ಹತ್ತಿರಕ್ಕೆ ಎಳೆದ್ರೆ ಸಾಲುಗಳು ಕಾಣ್ಬೇಕು, ದೂರ ತಳ್ಳಿದ್ರೆ ಇಡೀ ಹಾಡು. ಗುಡ್ಡ ಹತ್ತಿ ಊರು ನೋಡಿದ ಹಾಗೆ."

ಅವನು ಕಾಗದವನ್ನು ಕೈಗೆತ್ತಿಕೊಂಡ. ಎಡಕ್ಕೆ ಕಾಲು ಸುತ್ತು ತಿರುಗಿಸಿ ಮೇಜಿನ ಮೇಲಿಟ್ಟ.

"ಮಾವ, ಈಗ ನೋಡಿ. ಬೇರೆ ಎಲ್ಲ ಮ್ಯೂಸಿಕ್ ಸಾಫ್ಟ್‌ವೇರಲ್ಲೂ ಇರೋದು ಇದೇ. ನೀವು ಅದನ್ನ ಗೋಡೆಗೆ ಒರಗಿಸಿ ನಿಲ್ಸಿದೀರಿ ಅಷ್ಟೆ."

"ಅಂಚು ಹರಿದಿರೋದು?"

"ಹ್ಞಾ, ಅದು ಚೆನ್ನಾಗಿದೆ," ಎಂದ, ದೊಡ್ಡ ಮನಸ್ಸು ಮಾಡಿ. ನನ್ನವಳು ಕಾಫಿ ತಂದಿಡುತ್ತಾ ನಕ್ಷೆಯ ಮೇಲೆ ಲೋಟ ಇಟ್ಟಳು. ಸರಿಯಾಗಿ ಹಾವಿನ ತಲೆಯ ಮೇಲೆ ಒಂದು ಉಂಗುರ ಬಿತ್ತು. ಅವನು ಲೋಟ ಎತ್ತಿಕೊಂಡು ಯೋಚನೆಯಲ್ಲಿ ಬಿದ್ದವನಂತೆ ಕೇಳಿದ: "ನಿಮ್ಮ ಹಾಡಿನ ಸರದಿ ಪಟ್ಟೀಲಿ ಒಟ್ಟು ಎಷ್ಟು ಮನೆ ಇದೆ ಮಾವ?"

"ಐದು."

ಜೇಬಿನಿಂದ ಫೋನು ಹೊರಬಂತು. ಬೆರಳು ಆಡಿತು.

"ಎರಡು ವರ್ಷದಿಂದ ಕಟ್ತಿರೋದು 38 ಸೆಕೆಂಡಿನ ಹಾಡಾ?"

"38.4," ಎಂದೆ.