ಕಕ್ಷೆಯಲ್ಲಿ ಕಂಕಣ

ಸೇನಾ ಬಾಹ್ಯಾಕಾಶ ನೌಕೆಯಲ್ಲಿ ದಾಂಪತ್ಯ ಮತ್ತು ಕರ್ತವ್ಯಗಳನ್ನು ಸರಿದೂಗಿಸುವ ವಿಷಯವನ್ನು ವಿಚಾರಕ್ಕೆ ಎತ್ತಿಕೊಂಡವರಿಗೆ ಮೊದಲು ಎದುರಾಗುವ ತೊಡಕೆಂದರೆ, ಇತಿಹಾಸದಲ್ಲಿ ಅಂಥ ನೌಕೆಯಿದ್ದಲ್ಲಿ ದಂಪತಿಗಳಿರಲಿಲ್ಲ, ದಂಪತಿಗಳಿದ್ದಲ್ಲಿ ಅಂಥ ನೌಕೆಯಿರಲಿಲ್ಲ ಎಂಬುದು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ಭೂಮಿಯ ಗುರುತ್ವವನ್ನೂ ಮೀರಿ ಮೇಲೇರಿದೆ. ಸೋವಿಯತ್ ಒಕ್ಕೂಟವು 'ಅಲ್ಮಾಜ್', ಅಂದರೆ ವಜ್ರ, ಎಂಬ ಹೆಸರಿನಲ್ಲಿ ಬೇಹುಗಾರಿಕೆಗಾಗಿ ಕಟ್ಟಿದ ನಿಲ್ದಾಣಗಳನ್ನು ಲೋಕದ ಕಣ್ಣಿಗೆ ಮಣ್ಣೆರಚಲು 'ಸಲ್ಯೂತ್' ಎಂಬ ಸಾಧು ಹೆಸರಿನಿಂದ ಹಾರಿಸಿತು. 1974ರ ಜುಲೈಯಲ್ಲಿ ಸಲ್ಯೂತ್-3ರಲ್ಲಿ ಸುಮಾರು ಎರಡು ವಾರ ಸಂಸಾರ ಹೂಡಿದವರು ಪಾವೆಲ್ ಪಪೋವಿಚ್ ಮತ್ತು ಯೂರಿ ಅರ್ತ್ಯುಖಿನ್ ಎಂಬ ಇಬ್ಬರು ವಾಯುಪಡೆಯ ಅಧಿಕಾರಿಗಳು. ಆ ನಿಲ್ದಾಣಕ್ಕೆ ಬಿಗಿದಿದ್ದ ಫಿರಂಗಿ ಅತ್ತಿತ್ತ ಅಲುಗುವಂಥದಲ್ಲವಾದ್ದರಿಂದ ಗುರಿ ಹಿಡಿಯಬೇಕಾದರೆ ಇಡೀ ಮನೆಯನ್ನೇ ಆ ಕಡೆಗೆ ತಿರುಗಿಸಬೇಕಾಗಿತ್ತು (ಬಹುಕಾಲ ಸಂಸಾರ ಮಾಡಿದವರಿಗೆ ಈ ಯುದ್ಧತಂತ್ರ ಹೊಸದೇನಲ್ಲ). ಪಪೋವಿಚ್ ಅವರ ಪತ್ನಿ ಮರೀನಾ ಕೂಡ ವಾಯುಪಡೆಯವರೇ, ಹೆಸರಾಂತ ಪರೀಕ್ಷಾ ಪೈಲಟ್. ಫಿರಂಗಿಗೆ ಜಾಗವಿದ್ದ ಮನೆಯಲ್ಲಿ ಮನೆಯೊಡತಿಗೆ ಮಾತ್ರ ಜಾಗವಿರಲಿಲ್ಲ.

ಇಬ್ಬರೂ ಗಗನಯಾತ್ರಿಗಳಾದ ದಂಪತಿಗಳಲ್ಲಿ ಮೊದಲಿಗರು ಆಂಡ್ರಿಯಾನ್ ನಿಕೊಲಾಯೆವ್ ಮತ್ತು ವ್ಯಾಲೆಂಟಿನಾ ತೆರೆಷ್ಕೋವಾ. 1963ರ ನವೆಂಬರಿನಲ್ಲಿ ಮಾಸ್ಕೋದಲ್ಲಿ ನಡೆದ ಈ ಮದುವೆಯಲ್ಲಿ ಹೆಣ್ಣಿನ ಕಡೆಯವರು ಯಾರು, ಗಂಡಿನ ಕಡೆಯವರು ಯಾರು ಎಂಬುದಕ್ಕಿಂತ ಸರ್ಕಾರದ ಕಡೆಯವರು ಯಾರು ಎಂಬುದೇ ಎದ್ದು ಕಾಣುತ್ತಿತ್ತು. ಮುಂದೆ ನಿಂತು ಓಡಾಡಿದವರು ಸ್ವತಃ ನಿಕಿತಾ ಕ್ರುಶ್ಚೇವ್. 1982ರಲ್ಲಿ ದಂಪತಿಗಳು ವಿಚ್ಛೇದನ ಪಡೆದರು. ಅವರು ಒಂದೇ ನೌಕೆಯಲ್ಲಿ ಎಂದೂ ಹಾರಲಿಲ್ಲವಾದ್ದರಿಂದ ಪ್ರಸ್ತುತ ವಿವೇಚನೆಗೆ ಅವರಿಂದ ಹೆಚ್ಚಿನ ಸಹಾಯವಿಲ್ಲ.

ಒಂದೇ ನೌಕೆಯಲ್ಲಿ ಹಾರಿದ ಮೊದಲ ದಂಪತಿ ಅಮೆರಿಕದ ಮಾರ್ಕ್ ಲೀ ಮತ್ತು ಜ್ಯಾನ್ ಡೇವಿಸ್. ಲೀ ವಾಯುಪಡೆಯ ಅಧಿಕಾರಿ, ಡೇವಿಸ್ ಎಂಜಿನಿಯರ್. ಗಂಡಹೆಂಡತಿಯನ್ನು ಒಂದೇ ಯಾನಕ್ಕೆ ಕಳಿಸಬಾರದೆಂಬುದು ನಾಸಾದ ಪದ್ಧತಿ. ಆದರೆ ಇವರಿಬ್ಬರೂ ಆಯ್ಕೆಯಾಗುವಾಗ ಬರೀ ಸಹೋದ್ಯೋಗಿಗಳಾಗಿದ್ದು, ತರಬೇತಿಯ ನಡುವೆ ಸದ್ದಿಲ್ಲದೆ ಮದುವೆಯಾಗಿ, ಸುದ್ದಿ ಕಚೇರಿಗೆ ಮುಟ್ಟುವ ಹೊತ್ತಿಗೆ ಬದಲಿ ವ್ಯಕ್ತಿಯನ್ನು ತಯಾರು ಮಾಡಲು ಕಾಲ ಮೀರಿಹೋಗಿತ್ತು. ಮನೆಯವರಿಗೆ ಹೇಳದೆ ರಿಜಿಸ್ಟರ್ ಮದುವೆಯಾಗಿ ಹಾರ ಹಾಕಿಕೊಂಡು ಬಾಗಿಲಲ್ಲಿ ನಿಂತ ಮಕ್ಕಳನ್ನು ಒಳಗೆ ಕರೆದುಕೊಳ್ಳುವ ತಂದೆಯ ಮುಖಭಾವದಲ್ಲಿ ನಾಸಾ ಒಪ್ಪಿಕೊಂಡಿತು. 1992ರ ಸೆಪ್ಟೆಂಬರ್ 12ರಂದು ಎಂಡೆವರ್ ನೌಕೆ ಏಳು ಮಂದಿಯನ್ನು ಹೊತ್ತು ಮೇಲೇರಿತು.

ಇಲ್ಲಿ ಪಾಳಿ ಎಂಬ ಪದವನ್ನು ವಿವರಿಸುವುದು ಅಗತ್ಯ. ಪ್ರಯೋಗಗಳು ಹಗಲಿರುಳು ನಿಲ್ಲದೆ ನಡೆಯಬೇಕಾದ ಯಾನಗಳಲ್ಲಿ ಸಿಬ್ಬಂದಿಯನ್ನು ಕೆಂಪು ತಂಡ, ನೀಲಿ ತಂಡ ಎಂದು ಎರಡು ಭಾಗ ಮಾಡಿ, ಒಂದು ತಂಡ ಹನ್ನೆರಡು ಗಂಟೆ ದುಡಿಯುವಾಗ ಇನ್ನೊಂದು ಉಂಡು, ಮಲಗಿ ಏಳುವಂತೆ ವೇಳಾಪಟ್ಟಿ ಹಾಕುತ್ತಿದ್ದರು. ಲೀ ಕೆಂಪು ತಂಡದಲ್ಲಿದ್ದರು, ಡೇವಿಸ್ ನೀಲಿ ತಂಡದಲ್ಲಿದ್ದರು. ಹೊಸ ಸೊಸೆಯನ್ನು ಆಷಾಢಕ್ಕೆ ತವರಿಗೆ ಕಳಿಸುವ ನಮ್ಮ ಹಿರಿಯರ ಸಂಪ್ರದಾಯ ವರ್ಷಕ್ಕೆ ಒಂದು ತಿಂಗಳಿಗಾದರೂ ಮುಗಿಯುತ್ತದೆ. ಎಂಡೆವರಿನಲ್ಲಿ ಮಾತ್ರ ತವರು, ಅತ್ತೆಮನೆ ಎರಡೂ ಒಂದೇ ಕೋಣೆಯಾಗಿದ್ದು, ಪ್ರತಿ ಹನ್ನೆರಡು ಗಂಟೆಗೊಮ್ಮೆ ಆಷಾಢ ಬಂದು ಹೋಗುತ್ತಿತ್ತು. ಒಬ್ಬರು ಹಲ್ಲುಜ್ಜಲು ಏಳುವಾಗ ಇನ್ನೊಬ್ಬರು ಮಲಗುವ ಚೀಲದ ಜಿಪ್ಪು ಎಳೆಯುತ್ತಿದ್ದರೆಂದು ಊಹಿಸಲು ಪಾಂಡಿತ್ಯ ಬೇಕಿಲ್ಲ; ರಾತ್ರಿ ಪಾಳಿಯ ನರ್ಸ್ ಮತ್ತು ಹಗಲು ಪಾಳಿಯ ಬಸ್ ಕಂಡಕ್ಟರ್ ಆಗಿರುವ ಯಾವ ದಂಪತಿಯನ್ನು ಕೇಳಿದರೂ ಸಾಕು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಯೇ ಅವರ ಪ್ರೇಮಪತ್ರ. ಇದಕ್ಕಿಂತ ಕ್ರೂರವಾದ ಸಂಗತಿಯೆಂದರೆ, ಅದೇ ನೌಕೆಯಲ್ಲಿ ನಾಲ್ಕು ಹೆಣ್ಣುಕಪ್ಪೆಗಳಿದ್ದು, ಅವುಗಳ ಮೊಟ್ಟೆಗಳನ್ನು ಫಲಗೊಳಿಸಿ, ಗೊದಮೊಟ್ಟೆಗಳು ತೂಕವಿಲ್ಲದ ಸ್ಥಿತಿಯಲ್ಲಿ ಹೇಗೆ ಬೆಳೆಯುತ್ತವೆಂದು ನೋಡುವುದು ಆ ಯಾನದ ಘೋಷಿತ ಕಾರ್ಯಕ್ರಮಗಳಲ್ಲೊಂದಾಗಿತ್ತು. ಕಪ್ಪೆಗಳ ವಂಶೋದ್ಧಾರಕ್ಕೆ ವೇಳಾಪಟ್ಟಿಯಲ್ಲಿ ನಿಗದಿಯಾದ ಹೊತ್ತಿತ್ತು, ದಂಪತಿಗಳ ಕಾಫಿಗೆ ಇರಲಿಲ್ಲ. ಭೂಮಿಯಲ್ಲಿ ಗಂಡಹೆಂಡಿರನ್ನು ದೂರ ಅಗಲಿಸಿದರೆ, ನೌಕೆಯಲ್ಲಿ ಆ ಕೆಲಸವನ್ನು ಗಡಿಯಾರವೇ ವಹಿಸಿಕೊಳ್ಳುತ್ತದೆ.

ಗಡಿಯಾರದ ಮಾತು ಬಂದಮೇಲೆ ಮುಹೂರ್ತವನ್ನು ಬಿಡುವಂತಿಲ್ಲ. 2003ರ ಆಗಸ್ಟ್ 10ರಂದು ರಷ್ಯಾದ ವಾಯುಪಡೆಯ ಕರ್ನಲ್ ಯೂರಿ ಮಲೆಂಚೆಂಕೊ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದುಕೊಂಡೇ, ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿದ್ದ ಎಕತೆರಿನಾ ದ್ಮಿತ್ರಿಯೆವ್ ಅವರನ್ನು ವರಿಸಿದರು. ವಧೂವರರಲ್ಲಿ ಒಬ್ಬರು ಹಾಜರಿಲ್ಲದಿದ್ದರೆ ಅವರ ಪರವಾಗಿ ಇನ್ನೊಬ್ಬರು ನಿಂತು ಮದುವೆ ನಡೆಸಲು ಆ ರಾಜ್ಯದ ಕಾನೂನು ಆಗ ಅವಕಾಶ ಕೊಟ್ಟಿತ್ತು. ಇದಕ್ಕೆ ಪ್ರತಿನಿಧಿ ವಿವಾಹವೆಂದು ಹೆಸರು. ನಿಲ್ದಾಣದಲ್ಲಿದ್ದ ಮತ್ತೊಬ್ಬನೇ ಜೀವಿ ಎಡ್ ಲು ಎಂಬ ಸಹಯಾತ್ರಿ ಕೀಬೋರ್ಡಿನಲ್ಲಿ ಮದುವೆಯ ರಾಗ ನುಡಿಸಿ ವಾಲಗದವರ ಕೊರತೆ ನೀಗಿದರು. ವರ ಬೋ ಟೈ ಕಟ್ಟಿಕೊಂಡಿದ್ದರು. ಕೆಳಗೆ ಆರತಕ್ಷತೆಯಲ್ಲಿ ವಧುವಿನ ಪಕ್ಕ ನಿಂತದ್ದು ವರನ ಆಳೆತ್ತರದ ರಟ್ಟಿನ ಚಿತ್ರ. (ಫೋಟೋಗ್ರಾಫರ್ ಹೇಳಿದಷ್ಟು ಹೊತ್ತು ಮಿಸುಕದೆ ನಿಂತ ಮದುಮಗ ಲೋಕದಲ್ಲಿ ಇವನೊಬ್ಬನೇ ಇದ್ದಿರಬೇಕು.) ಆ ಹೊತ್ತಿಗೆ ನಿಲ್ದಾಣ ನ್ಯೂಜಿಲೆಂಡಿನ ಮೇಲಿತ್ತು. ಶಾಸ್ತ್ರದಲ್ಲಿ ಒಂದು ಮುಹೂರ್ತವೆಂದರೆ ಎರಡು ಘಳಿಗೆ, ಅಂದರೆ 48 ನಿಮಿಷ. ನಿಲ್ದಾಣವು ಭೂಮಿಯನ್ನು ಸುಮಾರು 90 ನಿಮಿಷಕ್ಕೊಮ್ಮೆ ಸುತ್ತಿಬರುವುದರಿಂದ ಒಂದು ಮುಹೂರ್ತ ಮುಗಿಯುವಷ್ಟರಲ್ಲಿ ವರ ಅರ್ಧ ಭೂಮಂಡಲ ದಾಟಿರುತ್ತಾನೆ, ಯಾವ ಊರಿನ ಪಂಚಾಂಗ ಹಿಡಿಯುವುದೆಂದು ಪುರೋಹಿತರು ತಲೆಯ ಮೇಲೆ ಕೈಹೊತ್ತು ಕೂರಬೇಕಾಗುತ್ತದೆ. ದಿನಕ್ಕೆ ಹದಿನಾರು ಸೂರ್ಯಾಸ್ತಗಳಾಗುವುದರಿಂದ ಗೋಧೂಳಿ ಲಗ್ನಕ್ಕೆ ಬರವಿಲ್ಲ, ಗೋವುಗಳದ್ದೂ ಧೂಳಿಯದ್ದೂ ಮಾತ್ರ ಅಭಾವ. ಅಕ್ಷತೆಯಂತೂ ಸಾಧ್ಯವೇ ಇಲ್ಲ: ಬ್ರೆಡ್ಡಿನ ಪುಡಿ ಹಾರಾಡಿ ಯಂತ್ರಗಳಿಗೆ ಸೇರೀತೆಂಬ ಭಯಕ್ಕೆ ಚಪಾತಿಯಂಥ ಟೋರ್ಟಿಯಾ ತಿನ್ನುವ ಮನೆಯಲ್ಲಿ ಹಿಡಿ ಅಕ್ಕಿ ಎರಚಿದರೆ, ಆಶೀರ್ವಾದ ನೆಲಕ್ಕಿಳಿಯದೆ ಆರು ತಿಂಗಳು ಕಿವಿಯ ಸುತ್ತ ತಿರುಗುತ್ತಲೇ ಇರುತ್ತದೆ.

ಕರ್ನಲ್ ಸಾಹೇಬರ ಮೇಲಿನವರಿಗೆ ಇದು ಅಷ್ಟಾಗಿ ರುಚಿಸಲಿಲ್ಲ. ಸೇನಾಧಿಕಾರಿ ವಿದೇಶಿ ಪ್ರಜೆಯನ್ನು ಮದುವೆಯಾಗುವುದೇ ಕಡತಗಳಲ್ಲಿ ಸಲೀಸಾಗಿ ಸಾಗುವ ವಿಷಯವಲ್ಲ. ಅದರ ಮೇಲೆ ಡ್ಯೂಟಿಯ ಹೊತ್ತಿನಲ್ಲಿ ಮದುವೆ. ಕೊಂಚ ಗೊಣಗಿ ಒಪ್ಪಿದರಾದರೂ ಇದು ಇತರರಿಗೆ ಮೇಲ್ಪಂಕ್ತಿಯಾಗಬಾರದೆಂಬ ಇಂಗಿತವನ್ನು ಅವರು ಮುಚ್ಚಿಡಲಿಲ್ಲ. ವರ ಅಕ್ಟೋಬರ್ ಕೊನೆಯಲ್ಲಿ ನೆಲಕ್ಕಿಳಿದರು.

ವಾಸ್ತವದಲ್ಲಿ ಕೂಡಿಬಾರದ ಸಂಬಂಧಗಳನ್ನು ಕಲ್ಪನೆ ಕುದುರಿಸುತ್ತದೆಯಾದ್ದರಿಂದ 'ಸ್ಟಾರ್ ಟ್ರೆಕ್' ಎಂಬ ಅಮೆರಿಕದ ಟಿವಿ ಧಾರಾವಾಹಿಯನ್ನೂ ಗಮನಿಸಬೇಕು. 1966ರಲ್ಲಿ ಪ್ರಸಾರವಾದ ಅದರ ಒಂದು ಕಂತು ಯುದ್ಧನೌಕೆಯೊಳಗಿನ ಮದುವೆಯಿಂದ ಆರಂಭವಾಗಿ, ಪುರೋಹಿತನ ಸ್ಥಾನದಲ್ಲಿದ್ದ ಕ್ಯಾಪ್ಟನ್ ನಾಲ್ಕು ಮಾತು ಮುಗಿಸುವ ಮುನ್ನವೇ ಶತ್ರುದಾಳಿಯ ಗಂಟೆ ಬಾರಿಸಿ, ವಧೂವರರು ಮದುವೆ ಮಂಟಪದಿಂದ ನೇರವಾಗಿ ಕೆಲಸಕ್ಕೆ ಓಡುತ್ತಾರೆ. ಆ ಯುದ್ಧದಲ್ಲಿ ವರ ಉಳಿಯುವುದಿಲ್ಲ. ಅದೇ ಹೆಸರಿನ ಮತ್ತೊಂದು ಸರಣಿಯ 1998ರ ಕಂತಿನಲ್ಲಿ ವಾರ್ಫ್ ಎಂಬ ಯೋಧ ಗಾಯಗೊಂಡ ಹೆಂಡತಿಯನ್ನು ಉಳಿಸಲು ಕಾರ್ಯಾಚರಣೆಯನ್ನೇ ಕೈಬಿಟ್ಟು ಬಂದಾಗ, ಮೇಲಧಿಕಾರಿಯು ಇನ್ನು ನಿನಗೆ ನೌಕೆಯ ನಾಯಕತ್ವ ಸಿಗಲಾರದೆಂದು ತಿಳಿಸಿ, ಅದೇ ಉಸಿರಿನಲ್ಲಿ ತಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆನೆಂದು ಒಪ್ಪಿಕೊಳ್ಳುತ್ತಾನೆ. ರಜೆಯ ಅರ್ಜಿಯನ್ನು ತಿರಸ್ಕರಿಸಿ, ಮದುವೆಗೆ ತಪ್ಪದೆ ಬಂದು ಮುಯ್ಯಿ ಕೊಟ್ಟುಹೋಗುವ ಮ್ಯಾನೇಜರುಗಳ ಕುಲ ನಕ್ಷತ್ರಲೋಕದಲ್ಲೂ ಉಂಟೆಂಬುದಕ್ಕೆ ಇದು ಸಾಕ್ಷಿ.

ಭಾರತದಲ್ಲಿ ಈ ಪ್ರಶ್ನೆ ಇನ್ನೂ ನೆಲ ಬಿಟ್ಟು ಮೇಲೆದ್ದಿಲ್ಲ. ಮಾನವಸಹಿತ ಬಾಹ್ಯಾಕಾಶ ಯೋಜನೆಯಾದ ಗಗನಯಾನಕ್ಕಾಗಿ ಬೆಂಗಳೂರಿನಲ್ಲಿ ತರಬೇತಿ ಪಡೆದ ನಾಲ್ವರೂ ವಾಯುಪಡೆಯ ಅಧಿಕಾರಿಗಳಾಗಿದ್ದು, ಅವರ ಹೆಸರುಗಳನ್ನು ಸರ್ಕಾರ ಬಹುಕಾಲ ಗುಟ್ಟಾಗಿಟ್ಟಿತ್ತು. ಅವರಲ್ಲೊಬ್ಬರಾದ ಪ್ರಶಾಂತ್ ನಾಯರ್ 2024ರ ಜನವರಿ 17ರಂದು ಮಲಯಾಳಂ ನಟಿ ಲೆನಾ ಅವರನ್ನು ಮದುವೆಯಾದರು. ಫೆಬ್ರವರಿ 27ರಂದು ಪ್ರಧಾನಿಯವರು ತಿರುವನಂತಪುರದಲ್ಲಿ ನಾಲ್ವರ ಹೆಸರು ಹೇಳಿದ ಮೇಲೆಯೇ ಮದುವೆಯ ಸುದ್ದಿಯನ್ನು ವಧು ಲೋಕಕ್ಕೆ ತಿಳಿಸಿದರು. ನಡುವಿನ 41 ದಿನ ಒಬ್ಬ ಚಿತ್ರನಟಿ ತನ್ನ ಮದುವೆಯ ಫೋಟೋವನ್ನು ಎಲ್ಲಿಯೂ ಹಾಕದೆ ಇದ್ದದ್ದು ಬಾಹ್ಯಾಕಾಶ ತರಬೇತಿಗಿಂತ ಕಡಿಮೆ ಸಾಧನೆಯಲ್ಲ. ಮದುವೆಗೆ ಕರೆಯಲಿಲ್ಲವೆಂದು ಮುನಿಸಿಕೊಂಡ ನೆಂಟರಿಗೆ ರಾಷ್ಟ್ರದ ಗೋಪ್ಯವನ್ನೇ ಕಾರಣವಾಗಿ ಕೊಡುವ ಭಾಗ್ಯ ಬೇರೆ ಯಾವ ಮದುಮಗನಿಗೂ ದೊರೆತಂತೆ ಕಾಣದು.