ವರದಿಲಕ್ಷಣ ವಿಚಾರ

ಕಾಮಗಾರಿಯ ಕರಾರುಪತ್ರದ ವ್ಯಾಖ್ಯೆಗಳ ಭಾಗದಲ್ಲಿ ಇಂಥ ಒಂದು ಸೂತ್ರ ಕಾಣಸಿಗುತ್ತದೆ: ‘ವರದಿ’ ಎಂದರೆ ಈ ಕರಾರಿನ ಮೇರೆಗೆ ಸಲ್ಲಿಸತಕ್ಕ ವರದಿ. ತಾರ್ಕಿಕರು ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂದು ಮೂರು ದೋಷ ಹೇಳಿದ್ದಾರೆ. ಈ ಸೂತ್ರಕ್ಕೆ ಮೂರೂ ತಟ್ಟುವುದಿಲ್ಲ. ತಟ್ಟುವುದು ತನ್ನ ಹೆಗಲ ಮೇಲೆ ತಾನೇ ಕೂರುವ ಆತ್ಮಾಶ್ರಯ ಮಾತ್ರ. ಅದನ್ನು ವಕೀಲರು ದೋಷವೆಂದು ಎಣಿಸುವುದಿಲ್ಲ, ಅದಕ್ಕೆ ಫೀಸು ತೆಗೆದುಕೊಳ್ಳುತ್ತಾರೆ.

ಪೂರ್ವಪಕ್ಷ ಹೀಗೆ: 1872ರ ಕರಾರು ಅಧಿನಿಯಮದ 29ನೇ ಕಲಮಿನಂತೆ ಅರ್ಥ ನಿಶ್ಚಯವಾಗದ ಕರಾರು ಅನೂರ್ಜಿತ. ‘ನೂರು ಟನ್ ಎಣ್ಣೆ’ ಎಂದಷ್ಟೇ ಬರೆದರೆ ಸಾಲದು, ಯಾವ ಎಣ್ಣೆ? ಸಿದ್ಧಾಂತವನ್ನು ಅದೇ ಕಲಮು ಒದಗಿಸುತ್ತದೆ. ಮಾರುವವನು ತೆಂಗಿನೆಣ್ಣೆಯ ವ್ಯಾಪಾರಿ ಮಾತ್ರ ಆಗಿದ್ದರೆ ಅದು ತೆಂಗಿನೆಣ್ಣೆಯೇ. ಆದ್ದರಿಂದ ರಸ್ತೆ ಗುತ್ತಿಗೆದಾರ ಕೊಡುವುದು ಪ್ರಗತಿ ವರದಿಯೇ, ಪ್ರಗತಿ ಇರಲಿ ಬಿಡಲಿ.

ಇದರ ಪ್ರಮಾಣ ಅನುಮಾನ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ. ಡಾಂಬರು ಕಾಯಿಸುವ ಹೊಗೆ ಕಂಡರೆ ರಸ್ತೆ. ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್ ಸಂಸ್ಥೆಯ 1999ರ ಮಾದರಿ ಕರಾರು ‘ಕೆಂಪು ಪುಸ್ತಕ’ದ 4.21ನೇ ಷರತ್ತು ತಿಂಗಳು ಮುಗಿದ ಏಳು ದಿನದೊಳಗೆ ಇಂಥ ವರದಿಯ ಆರು ಪ್ರತಿ ಕೇಳುತ್ತದೆ. ಕಾಮಗಾರಿ ಅರ್ಧವಾದರೂ ಪ್ರತಿ ಮೂರಾಗುವುದಿಲ್ಲ.

ಪ್ರತ್ಯಕ್ಷ ಪ್ರಮಾಣಕ್ಕೆ ಅಳತೆ ಪುಸ್ತಕವುಂಟು, ಸಂಪ್ರದಾಯದವರು ಎಂ.ಬಿ. ಎನ್ನುತ್ತಾರೆ. ಇದರ ಮಡಿ ದೊಡ್ಡದು. ಪುಟಪುಟಕ್ಕೂ ಅಚ್ಚಾದ ಸಂಖ್ಯೆ, ಹಾಳೆ ಹರಿಯುವಂತಿಲ್ಲ, ಅಂಕಿ ಉಜ್ಜಿ ಅಳಿಸುವಂತಿಲ್ಲ. ತಪ್ಪಿದರೆ ಅಡ್ಡಗೆರೆ ಎಳೆದು ಸಹಿ, ತಾರೀಖು ಹಾಕಬೇಕು. ಒಳಗೆ ಉದ್ದ, ಅಗಲ, ದಪ್ಪ ಎಂದು ಕಾಲಂಗಳು. ಉದ್ದ ಅಗಲಗಳು ದಾರಿಹೋಕರಿಗೂ ಕಾಣುತ್ತವೆ. ದಪ್ಪ ಮಾತ್ರ ಯೋಗಿಪ್ರತ್ಯಕ್ಷ. ತಪಸ್ಸಿದ್ದ ಎಂಜಿನಿಯರಿಗಷ್ಟೇ ಗೋಚರ. ಮೊದಲ ಮಳೆಗೆ ಅದು ಲೌಕಿಕರಿಗೂ ಕಾಣತೊಡಗಿ ಸ್ಥಳ ತನಿಖಾ ವರದಿ ಜನಿಸುತ್ತದೆ. ಗುಂಡಿ ತುಂಬುವ ಹೊಣೆ ದೋಷ ಹೊಣೆಗಾರಿಕೆ ಅವಧಿಯೊಳಗೆ ಗುತ್ತಿಗೆದಾರನದು, ಆಮೇಲೆ ದೈವದ್ದು. ಹಾಗಾಗಿ ತನಿಖೆಯ ತಾರೀಖು ಸಾಮಾನ್ಯವಾಗಿ ಆಮೇಲಿನದೇ.

ಅನುಪಾಲನಾ ವರದಿ ಶಬ್ದಪ್ರಮಾಣ. ‘ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಎಂಬಲ್ಲಿ ಕರ್ತೃವನ್ನು ಹುಡುಕುವುದು ವ್ಯಾಕರಣದ ಅಜ್ಞಾನ.

ಉಳಿದದ್ದು ನಿಲ್ ವರದಿ. ನಂತರದ ವೈಶೇಷಿಕರು ಅಭಾವವನ್ನು ಏಳನೆಯ ಪದಾರ್ಥವಾಗಿ ಒಪ್ಪಿ ಅಲ್ಲಿಗೇ ನಿಲ್ಲಿಸಿದರು. ಅದಕ್ಕೊಂದು ನಮೂನೆ, ಎರಡು ಪ್ರತಿ, ಕೊನೆಯ ದಿನಾಂಕ ಒದಗಿಸಿದ್ದು ನಮ್ಮ ಕಚೇರಿಗಳ ಕೊಡುಗೆ. ಏನೂ ಇಲ್ಲವೆಂದು ಬರೆದು ಕಳಿಸದವರಿಗೆ ನೆನಪೋಲೆ ಬರುತ್ತದೆ. ಎರಡನೆಯ ನೆನಪೋಲೆಯಲ್ಲಿ, ಇಲ್ಲದ್ದು ಇಷ್ಟು ತಡವಾದದ್ದೇಕೆ ಎಂದು ಮೂರು ದಿನದೊಳಗೆ ವಿವರವಾದ ವರದಿ ಕೇಳುತ್ತಾರೆ.